ಕಾರಿನ ವಿಮೆ: ಯಾರ ನಷ್ಟಕ್ಕೆ ಯಾರು ಹೊಣೆ?

2014ರಲ್ಲಿ ಅರಸೀಕೆರೆಯ ಕಡೆ ಹೋಗುತ್ತಿದ್ದ ಕಾರೊಂದು ಹಿಡಿತ ತಪ್ಪಿ ಮಗುಚಿತು. ಓಡಿಸುತ್ತಿದ್ದವರು ತೀರಿಕೊಂಡರು. ಕುಟುಂಬದವರು 80 ಲಕ್ಷ ರೂಪಾಯಿ ಪರಿಹಾರ ಕೇಳಿ ನ್ಯಾಯಮಂಡಳಿಗೆ ಹೋದರು. ಅಲ್ಲಿ ಸಿಗಲಿಲ್ಲ. ಹೈಕೋರ್ಟಿನಲ್ಲೂ ಸಿಗಲಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅಪಘಾತಕ್ಕೆ ಚಾಲಕನ ಅತಿವೇಗವೇ ಕಾರಣ. ಬೇರೆಯವರ ಕಾರನ್ನು ಪಡೆದು ಓಡಿಸಿದವನು ಕಾನೂನಿನ ಕಣ್ಣಲ್ಲಿ ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ. ತಾನೇ ಮಾಡಿದ ತಪ್ಪಿಗೆ ತಾನೇ ಪರಿಹಾರ ಪಡೆಯುವಂತಿಲ್ಲ ಎಂಬುದು ಆ ತೀರ್ಪುಗಳ ಸಾರ.

ಪತ್ರಿಕೆಗಳಲ್ಲಿ ಈ ಸುದ್ದಿ ಬಂದಾಗ ಅನೇಕರು ಬೆಚ್ಚಿದರು. ವರ್ಷ ವರ್ಷ ಪ್ರೀಮಿಯಂ ಕಟ್ಟಿದ ಕಾರಿನಲ್ಲಿ ಜೀವ ಹೋದರೆ ಏನೂ ಸಿಗುವುದಿಲ್ಲವೇ ಎಂಬ ಪ್ರಶ್ನೆ ಎದ್ದಿತು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾರಿನ ವಿಮೆ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಕಾಗದದೊಳಗೆ ನಾಲ್ಕು ಬೇರೆ ಬೇರೆ ಒಪ್ಪಂದಗಳಿವೆ. ರಸ್ತೆಯಲ್ಲಿರುವ ಅನ್ಯರಿಗೆ ಆದ ಹಾನಿಗೆ ಒಂದು, ನಮ್ಮ ಕಾರಿಗೆ ಆದ ಹಾನಿಗೆ ಒಂದು, ಮಾಲೀಕನ ಜೀವಕ್ಕೆ ಒಂದು, ಜೊತೆಯಲ್ಲಿ ಕುಳಿತವರ ಜೀವಕ್ಕೆ ಇನ್ನೊಂದು. ಮೊದಲನೆಯದನ್ನು ಕಾನೂನು ಬಲವಂತವಾಗಿ ಕೊಡಿಸುತ್ತದೆ. ಎರಡನೆಯದನ್ನು ಷೋರೂಮಿನವರು ಉತ್ಸಾಹದಿಂದ ಮಾರುತ್ತಾರೆ. ಕೊನೆಯದರ ಬಗ್ಗೆ ಮಾತಾಡುವವರೇ ಕಡಿಮೆ. ಬಂಪರಿನ ಗೀರಿಗೆ ಸಾವಿರಾರು ರೂಪಾಯಿಯ ರಕ್ಷಣೆ ಕೊಳ್ಳುವ ಮನೆಗಳಲ್ಲಿ ಹಿಂದಿನ ಸೀಟಿನ ಮಕ್ಕಳಿಗೆಂದೇ ಪ್ರತ್ಯೇಕವಾಗಿ ಒಂದು ರೂಪಾಯಿಯ ಅಪಘಾತ ರಕ್ಷಣೆಯೂ ಎಷ್ಟೋ ಸಲ ಇರುವುದಿಲ್ಲ. ವಿಮೆಯ ಬಗೆಗಳನ್ನು ಅರಿಯಲು ಹೊರಟವರು ಈ ತಲೆಕೆಳಗಾದ ಲೆಕ್ಕವನ್ನು ಮೊದಲು ಗಮನಿಸಬೇಕು.

ಕಡ್ಡಾಯವಾದದ್ದು ಥರ್ಡ್ ಪಾರ್ಟಿ ವಿಮೆ. 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಇದಕ್ಕೆ ಒಂದು ಅಧ್ಯಾಯವಿತ್ತು. ಅದು ಜಾರಿಗೆ ಬಂದದ್ದು 1946ರ ಜುಲೈ 1ರಂದು. ಈಗಿರುವ 1988ರ ಕಾಯ್ದೆಯ 146ನೇ ಕಲಮಿನ ಪ್ರಕಾರ ಈ ವಿಮೆ ಇಲ್ಲದ ವಾಹನ ರಸ್ತೆಗೆ ಇಳಿಯುವಂತಿಲ್ಲ. ಇಳಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಈ ವಿಮೆ ಕಾರಿನ ಮಾಲೀಕನ ಹಿತಕ್ಕಾಗಿ ಹುಟ್ಟಿದ್ದಲ್ಲ. ಕಾರು ಗುದ್ದಿದ ಪಾದಚಾರಿ, ಸೈಕಲ್ಲಿನವನು, ಎದುರಿನ ಬೈಕಿನವನು, ಇವರ ಕುಟುಂಬ ಬೀದಿಗೆ ಬೀಳಬಾರದು ಎಂಬುದಷ್ಟೇ ಅದರ ಉದ್ದೇಶ. ಆದ್ದರಿಂದಲೇ ಸಾವು ಅಥವಾ ದೈಹಿಕ ಗಾಯಕ್ಕೆ ಕೊಡುವ ಪರಿಹಾರಕ್ಕೆ ಮೇಲ್ಮಿತಿಯಿಲ್ಲ. ನ್ಯಾಯಮಂಡಳಿ ಎಷ್ಟು ನಿಗದಿ ಮಾಡುತ್ತದೋ ಅಷ್ಟನ್ನು ಕಂಪನಿ ಕೊಡಬೇಕು. ಅನ್ಯರ ಆಸ್ತಿಗೆ, ಅಂದರೆ ಎದುರಿನ ಕಾರು, ಅಂಗಡಿಯ ಮುಂಗಟ್ಟು, ಕಾಂಪೌಂಡು ಗೋಡೆಗೆ ಆದ ಹಾನಿಗೆ ಖಾಸಗಿ ಕಾರುಗಳ ಮಟ್ಟಿಗೆ ಏಳೂವರೆ ಲಕ್ಷದ ಮಿತಿಯಿದೆ. ಈ ಮಿತಿಯನ್ನು 6,000 ರೂಪಾಯಿಗೆ ಇಳಿಸಿಕೊಂಡರೆ ಪ್ರೀಮಿಯಂನಲ್ಲಿ ಚಿಲ್ಲರೆ ಉಳಿಯುತ್ತದೆ ಎಂಬ ಆಯ್ಕೆಯೂ ಕೆಲವೊಮ್ಮೆ ಕಾಣುತ್ತದೆ. ಇಂದಿನ ಕಾರುಗಳ ಒಂದು ಬಾಗಿಲು 6,000ಕ್ಕೆ ಸಿಗುವುದಿಲ್ಲ. ಆ ಉಳಿತಾಯ ಬೇಡ.

ಥರ್ಡ್ ಪಾರ್ಟಿ ದರವನ್ನು ಕಂಪನಿಗಳು ತಮಗೆ ತೋಚಿದಂತೆ ಇಡುವಂತಿಲ್ಲ, ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯ ಪ್ರಕಾರ 1000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೂ ಮೇಲಿನದಕ್ಕೆ 7,897; ತೆರಿಗೆ ಬೇರೆ. ಎಲೆಕ್ಟ್ರಿಕ್ ಕಾರುಗಳಿಗೆ ಶೇ. 15 ರಿಯಾಯಿತಿ. ಯಾವ ಕಂಪನಿಯಲ್ಲಿ ಕೊಂಡರೂ ಈ ಭಾಗದ ಬೆಲೆ ಒಂದೇ ಆದ್ದರಿಂದ ಇಲ್ಲಿ ಚೌಕಾಸಿಗೆ ಜಾಗವಿಲ್ಲ.

ಗಾಯಾಳುವಿನ ಪಾಲಿಗೆ ಈ ವಿಮೆ ಎಷ್ಟು ಗಟ್ಟಿ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಚಾಲಕನ ಬಳಿ ಸರಿಯಾದ ಲೈಸೆನ್ಸ್ ಇಲ್ಲ ಎಂದಿಟ್ಟುಕೊಳ್ಳಿ. ಅದು ಪಾಲಿಸಿಯ ಷರತ್ತಿನ ಉಲ್ಲಂಘನೆ. ಆದರೂ ಇಂಥ ಪ್ರಕರಣಗಳಲ್ಲಿ ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಡಲಿ, ಬಳಿಕ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ದಾರಿಯನ್ನು ಸುಪ್ರೀಂ ಕೋರ್ಟ್ 2004ರಲ್ಲೇ ತೋರಿಸಿತು. ಮಾಲೀಕ ಮಾಡಿದ ತಪ್ಪಿಗೆ ಬೀದಿಯಲ್ಲಿ ಬಿದ್ದವನು ದಂಡ ತೆರಬಾರದು ಎಂಬ ಈ ನಿಲುವು ನಮ್ಮ ಕಾನೂನಿನ ಹೆಮ್ಮೆಯ ಭಾಗವೆಂದೇ ನಾನು ತಿಳಿದಿದ್ದೇನೆ. ತಪ್ಪು ಯಾರದೆಂದು ಸಾಬೀತುಪಡಿಸುವ ಗೋಜಿಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಪಡೆಯುವ ದಾರಿ 164ನೇ ಕಲಮಿನಲ್ಲಿದೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸರ್ಕಾರದ ನಿಧಿಯಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಹಳ್ಳಿಗಳಲ್ಲಿ ಈ ನಿಧಿಯ ಸುದ್ದಿಯೇ ತಲುಪಿಲ್ಲ. ಗೊತ್ತಿದ್ದವರು ನಾಲ್ಕು ಜನರಿಗೆ ಹೇಳಬೇಕು. ಪೂರ್ಣ ಪರಿಹಾರಕ್ಕೆ ಅರ್ಜಿ ಹಾಕಲು 2022ರಲ್ಲಿ ಜಾರಿಯಾದ ತಿದ್ದುಪಡಿ ಆರು ತಿಂಗಳ ಗಡುವು ಇಟ್ಟಿದೆ ಎಂಬುದನ್ನೂ ಜೊತೆಗೇ ಹೇಳಿ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಈ ನ್ಯಾಯಮಂಡಳಿಯ ಕೆಲಸ ನೋಡಿಕೊಳ್ಳುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಪರಿಹಾರ ಕೊಡದ್ದಕ್ಕೆ ಸಾರಿಗೆ ಸಂಸ್ಥೆಯ ಬಸ್ಸು ಜಪ್ತಿ ಎಂಬ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಸರ್ಕಾರಿ ಸಾರಿಗೆ ನಿಗಮಗಳು ತಮ್ಮದೇ ನಿಧಿ ಇಟ್ಟುಕೊಂಡರೆ ವಿಮೆಯಿಂದ ವಿನಾಯಿತಿ ಪಡೆಯಲು ಕಾಯ್ದೆ ಅವಕಾಶ ಕೊಟ್ಟಿದೆ. ಹಾಗಾಗಿ ಅಲ್ಲಿ ಹಣ ಕೊಡಬೇಕಾದದ್ದು ವಿಮಾ ಕಂಪನಿಯಲ್ಲ, ನಿಗಮವೇ.

ಇನ್ನು ಥರ್ಡ್ ಪಾರ್ಟಿ ಅಲ್ಲದವರು ಯಾರು? ಎಡವುವುದು ಇಲ್ಲೇ. ಮಾಲೀಕ ಥರ್ಡ್ ಪಾರ್ಟಿ ಅಲ್ಲ. ಒಪ್ಪಂದ ಮಾಡಿಕೊಂಡವನೇ ಅವನು. ಅವನಿಂದ ವಾಹನ ಪಡೆದು ಓಡಿಸುವವನೂ ಅಲ್ಲ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ 2009ರಲ್ಲಿ ತೀರ್ಪು ಬಂದ ಇನ್ನೊಂದು ಪ್ರಕರಣದಲ್ಲಿ ಬೇರೊಬ್ಬರ ಬೈಕು ಪಡೆದು ಹೋಗುತ್ತಿದ್ದವರು ಎತ್ತಿನಗಾಡಿಗೆ ಡಿಕ್ಕಿಯಾಗಿ ಮೃತಪಟ್ಟಿದ್ದರು. ವಾಹನ ಪಡೆದವನು ಮಾಲೀಕನ ಸ್ಥಾನಕ್ಕೆ ಬರುತ್ತಾನೆ ಎಂಬ ಮಾತು ಗಟ್ಟಿಯಾದದ್ದು ಆ ತೀರ್ಪಿನಿಂದ. ಅಪ್ಪನ ಹೆಸರಿನ ಕಾರನ್ನು ಮಗ ಓಡಿಸುವುದು, ಅಣ್ಣನ ಕಾರಿನಲ್ಲಿ ತಮ್ಮ ಊರಿಗೆ ಹೋಗುವುದು ನಮ್ಮಲ್ಲಿ ಎಷ್ಟು ಸಹಜ! ಕಾರು ತಾನಾಗಿ ಮರಕ್ಕೆ ಗುದ್ದಿದರೆ ಆ ಮಗನಿಗೂ ತಮ್ಮನಿಗೂ ಥರ್ಡ್ ಪಾರ್ಟಿ ವಿಮೆಯಿಂದ ಬರುವುದು ಏನೂ ಇಲ್ಲ.

ಜೊತೆಯಲ್ಲಿ ಕುಳಿತವರ ಕತೆ ಇನ್ನಷ್ಟು ಸೂಕ್ಷ್ಮ. ಎದುರಿನ ಲಾರಿಯ ತಪ್ಪಿನಿಂದ ಅಪಘಾತವಾದರೆ ಚಿಂತೆಯಿಲ್ಲ. ಲಾರಿಯ ಪಾಲಿಸಿಯ ಮಟ್ಟಿಗೆ ನಮ್ಮ ಕಾರಿನಲ್ಲಿದ್ದ ಎಲ್ಲರೂ ಥರ್ಡ್ ಪಾರ್ಟಿಗಳು. ತಪ್ಪು ನಮ್ಮ ಕಾರಿನದೇ ಆದರೆ? ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಖಾಸಗಿ ಕಾರಿನಲ್ಲಿ ಬಿಟ್ಟಿಯಾಗಿ ಪ್ರಯಾಣಿಸುವ ಹೆಂಡತಿ, ಮಕ್ಕಳು, ಗೆಳೆಯರು ಆ ಪಾಲಿಸಿಯ ಆಸರೆಗೆ ಬರುವುದಿಲ್ಲ. ಅದೇ ಪ್ಯಾಕೇಜ್ ಪಾಲಿಸಿಯಾಗಿದ್ದರೆ, ಅಂದರೆ ಥರ್ಡ್ ಪಾರ್ಟಿಯ ಜೊತೆ ಸ್ವಂತ ಕಾರಿನ ಹಾನಿಯೂ ಸೇರಿದ ಕಾಂಪ್ರೆಹೆನ್ಸಿವ್ ಪಾಲಿಸಿಯಾಗಿದ್ದರೆ, ಕಾರಿನಲ್ಲಿ ಕುಳಿತವರಿಗೂ ಕಂಪನಿ ಹೊಣೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿ ಸ್ಪಷ್ಟಪಡಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ಗೆರೆಯನ್ನು ಎಳೆಯಿತು. ಕಾರು ಹಳೆಯದಾಯಿತು, ಇನ್ನು ಥರ್ಡ್ ಪಾರ್ಟಿ ಒಂದೇ ಸಾಕು ಎಂದು ಪ್ಯಾಕೇಜ್ ಬಿಟ್ಟುಬಿಡುವವರು ಹಳೆಯ ತಗಡಿನ ಬೆಲೆಯನ್ನು ಮಾತ್ರ ಎಣಿಸುತ್ತಾರೆ. ಅದರೊಟ್ಟಿಗೆ ಒಳಗೆ ಕುಳಿತವರ ರಕ್ಷಣೆಯನ್ನೂ ತಾವು ಕಳಚಿಹಾಕಿದ್ದು ಅವರಿಗೆ ತಿಳಿದಿರುವುದಿಲ್ಲ. ಹತ್ತು ವರ್ಷದ ಕಾರಿಗೆ ಪ್ಯಾಕೇಜ್ ಯಾಕೆ ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಇದೊಂದೇ.

ಮಾಲೀಕನ ಜೀವಕ್ಕಿರುವುದು ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ. ಮೊದಲು ಕಾರಿಗೆ 2 ಲಕ್ಷ, ಬೈಕಿಗೆ 1 ಲಕ್ಷ ಇದ್ದ ಮೊತ್ತ ಮದ್ರಾಸ್ ಹೈಕೋರ್ಟಿನ ನಿರ್ದೇಶನದ ಫಲವಾಗಿ 2018ರಲ್ಲಿ 15 ಲಕ್ಷಕ್ಕೆ ಏರಿತು. ವರ್ಷಕ್ಕೆ ಕೆಲವು ನೂರು ರೂಪಾಯಿಯ ವಿಷಯ. ಸತ್ತರೆ ಅಥವಾ ಪೂರ್ಣ ಅಂಗವಿಕಲತೆ ಬಂದರೆ ಪೂರ್ತಿ ಮೊತ್ತ, ಒಂದು ಕೈ, ಕಾಲು ಅಥವಾ ಕಣ್ಣು ಹೋದರೆ ಅರ್ಧ. ತಪ್ಪು ಯಾರದೆಂಬ ಪ್ರಶ್ನೆ ಇಲ್ಲಿ ಬರುವುದಿಲ್ಲ. ಆದರೆ ಎರಡು ಷರತ್ತುಗಳಿವೆ: ಆರ್‌ಸಿ ಅವರ ಹೆಸರಿನಲ್ಲಿರಬೇಕು, ಅವರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ಮನೆಯ ಕಾರು ಅಮ್ಮನ ಹೆಸರಿನಲ್ಲಿದ್ದು ದಿನಾ ಓಡಿಸುವವಳು ಮಗಳಾದರೆ ಈ 15 ಲಕ್ಷ ಮಗಳಿಗಿಲ್ಲ. ಅಂಥ ಮನೆಯಲ್ಲಿ ಮಗಳ ಹೆಸರಿಗೇ ಬೇರೆಯಾಗಿ ಒಂದು ಅಪಘಾತ ವಿಮೆ ಮಾಡಿಸುವುದು ತೀರಾ ಅಗತ್ಯ. ಪ್ರಯಾಣಿಕರಿಗಾಗಿ ಹೆಸರು ನಮೂದಿಸದೆಯೇ, ಸೀಟಿನ ಲೆಕ್ಕದಲ್ಲಿ ತಲಾ 2 ಲಕ್ಷದವರೆಗೆ ಅಪಘಾತ ರಕ್ಷಣೆ ಸೇರಿಸಬಹುದು. ಸಂಬಳದ ಡ್ರೈವರ್ ಇದ್ದರೆ ಅವನ ಹೊಣೆಗಾಗಿ ಅತ್ಯಲ್ಪ ಮೊತ್ತದ ಇನ್ನೊಂದು ಸಾಲಿದೆ. ಆನ್‌ಲೈನಿನಲ್ಲಿ ಕೊಳ್ಳುವಾಗ ಈ ಎರಡರ ಚೌಕಗಳು ಖಾಲಿ ಉಳಿಯುವುದೇ ಹೆಚ್ಚು.

ಈಗ ಕಾರಿನ ವಿಷಯಕ್ಕೆ ಬರೋಣ. ಸ್ವಂತ ಹಾನಿಯ ವಿಮೆ, ಗ್ಯಾರೇಜಿನ ಭಾಷೆಯಲ್ಲಿ ಓಡಿ, ಬೆಂಕಿ, ಸಿಡಿಲು, ಕಳ್ಳತನ, ಗಲಭೆ, ಭೂಕಂಪ, ನೆರೆ, ಬಿರುಗಾಳಿ, ಅಪಘಾತ, ದುರುದ್ದೇಶದ ಕೃತ್ಯ, ಭೂಕುಸಿತ ಇವನ್ನೆಲ್ಲ ಒಳಗೊಂಡಿದೆ. ಮುಂಗಾರುಪೂರ್ವ ಮಳೆಗೆ ಬೆಂಗಳೂರಿನಲ್ಲಿ ನಿಂತ ಕಾರಿನ ಮೇಲೆ ಮರ ಬಿದ್ದರೂ, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದರೂ ಹಣ ಸಿಗುತ್ತದೆ. ಸವೆತ, ಯಂತ್ರದ ಸಹಜ ಕೆಡುಕು, ಕುಡಿದು ಓಡಿಸಿ ಮಾಡಿಕೊಂಡ ಹಾನಿ, ಟೈರು ಮಾತ್ರ ಸೀಳಿದ ನಷ್ಟ, ಇವು ಹೊರಗೆ. ಈ ಭಾಗದ ದರದ ಮೇಲಿದ್ದ ಸರ್ಕಾರಿ ಹಿಡಿತ 2007ರ ಜನವರಿಯಿಂದ ಸಡಿಲವಾಯಿತು. ಹಾಗಾಗಿ ಒಂದೇ ಕಾರಿಗೆ ಕಂಪನಿಯಿಂದ ಕಂಪನಿಗೆ ಬೆಲೆ ಬಹಳ ಬೇರೆ. ಕಾರು ಕೊಂಡ ಷೋರೂಮಿನಲ್ಲೇ ವಿಮೆ ಮಾಡಿಸಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ.

ಲೆಕ್ಕ ನಿಂತಿರುವುದು ಐಡಿವಿ ಮೇಲೆ. ಕಾರಿನ ಘೋಷಿತ ಬೆಲೆ ಅದು. ಆರು ತಿಂಗಳೊಳಗಿನ ಕಾರಿಗೆ ಶೇ. 5, ಒಂದು ವರ್ಷದೊಳಗೆ 15, ಎರಡು ವರ್ಷದೊಳಗೆ 20, ಬಳಿಕ 30, 40, ಐದನೇ ವರ್ಷ 50 ಎಂದು ಇಳಿಕೆ ಕಳೆಯುತ್ತಾ ಹೋಗುತ್ತಾರೆ. ಕಾರು ಕಳುವಾದರೆ, ಅಥವಾ ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ, ಕೈಗೆ ಬರುವುದು ಈ ಮೊತ್ತವೇ. ಪ್ರೀಮಿಯಂ ಇಳಿಸಲು ಏಜೆಂಟು ಐಡಿವಿ ತಗ್ಗಿಸಿದರೆ ಹಿಗ್ಗಬೇಡಿ. ಕಡಿಮೆಯಾದದ್ದು ನಿಮ್ಮ ಕಾರಿನ ಬೆಲೆ.

ಇಳಿಕೆಯ ಕತ್ತರಿ ಬಿಡಿಭಾಗಗಳಿಗೂ ಇದೆ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ, ಏರ್‌ಬ್ಯಾಗಿಗೆ ಶೇ. 50, ಫೈಬರಿಗೆ 30, ಗಾಜಿಗೆ ಏನೂ ಇಲ್ಲ. ಲೋಹಕ್ಕೆ ಕಾರಿನ ವಯಸ್ಸಿನ ಪ್ರಕಾರ. ನಾಲ್ಕು ದಾಟಿ ಐದರೊಳಗಿದ್ದರೆ 35. ಅಂಥ ಕಾರೊಂದರ ಬಿಲ್ಲು 58,000 ಬಂತೆನ್ನಿ: ಬಂಪರ್ ಮುಂತಾದ ಪ್ಲಾಸ್ಟಿಕ್ಕಿಗೆ 20,000, ಬಾನೆಟ್ಟಿನ ಲೋಹಕ್ಕೆ 20,000, ಗಾಜಿಗೆ 8,000, ಕೂಲಿ 10,000. ಕಂಪನಿ ಕೊಡುವುದು 10,000, 13,000, 8,000, 10,000, ಒಟ್ಟು 41,000. ಅದರಲ್ಲಿ ಸಣ್ಣ ಕಾರಿನ ಕಡ್ಡಾಯ ಕಡಿತ 1,000 ಹೋಗಿ 40,000. ಉಳಿದ 18,000 ಮಾಲೀಕನ ಜೇಬಿನಿಂದ. ಗ್ಯಾರೇಜಿನ ಕೌಂಟರುಗಳಲ್ಲಿ ನಡೆಯುವ ಜಗಳಗಳ ಪೈಕಿ ಬಹುಪಾಲು ಈ ವ್ಯತ್ಯಾಸದ ಸುತ್ತಲೇ. ಬಿಡಿಭಾಗಗಳ ಈ ಇಳಿಕೆಯನ್ನು ಕಳೆಯದೆ ಹಣ ಕೊಡುವ ಹೆಚ್ಚುವರಿ ರಕ್ಷಣೆಗೆ ಜೀರೋ ಡೆಪ್ ಎಂದೂ ಬಂಪರ್ ಟು ಬಂಪರ್ ಎಂದೂ ಹೆಸರು. ಹೊಸ ಕಾರಿಗೆ ಐದು ವರ್ಷದವರೆಗೆ ಅದು ಹಣಕ್ಕೆ ತಕ್ಕ ಮಾಲು. ವರ್ಷಕ್ಕೆ ಎಷ್ಟು ಕ್ಲೇಮಿಗೆ ಅನ್ವಯ ಎಂಬುದನ್ನಷ್ಟೇ ಓದಿಕೊಳ್ಳಿ. 2021ರ ಆಗಸ್ಟಿನಲ್ಲಿ ಹೊಸ ವಾಹನಗಳಿಗೆ ಐದು ವರ್ಷದ ಬಂಪರ್ ಟು ಬಂಪರ್ ಕಡ್ಡಾಯ ಎಂದು ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ ಆದೇಶಿಸಿ, ಮುಂದಿನ ತಿಂಗಳೇ ಹಿಂಪಡೆಯಿತು. ಈಗಲೂ ಅದು ಕಡ್ಡಾಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ನೀರು ನಿಂತಾಗ ಎಂಜಿನ್ ರಕ್ಷಣೆಯ ಮಾತು ಮನೆಮನೆಗೆ ಬಂತು. ನೆರೆಯಿಂದಾದ ಹಾನಿ ಓಡಿ ವಿಮೆಯಲ್ಲೇ ಸೇರಿದೆ. ಸೀಟು, ವೈರಿಂಗು ಕೆಟ್ಟದ್ದಕ್ಕೆ ಹಣ ಸಿಗುತ್ತದೆ. ಆದರೆ ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಿದಾಗ ಎಂಜಿನ್ನಿನೊಳಗೆ ನೀರು ಎಳೆದು ಕನೆಕ್ಟಿಂಗ್ ರಾಡು ಬಗ್ಗಿದರೆ ಅದು ನೆರೆಯ ಹಾನಿಯಲ್ಲ, ಅದರ ಪರಿಣಾಮವಾಗಿ ನಂತರ ಆದ ಹಾನಿ ಎಂದು ಕಂಪನಿ ಕೈ ತೊಳೆದುಕೊಳ್ಳುತ್ತದೆ. ಲಕ್ಷಗಟ್ಟಲೆ ಖರ್ಚಿನ ಬಾಬತ್ತು ಅದು. ತಗ್ಗಿನ ಬಡಾವಣೆಯಲ್ಲಿ, ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಕರಾವಳಿಯಲ್ಲಿ ಇರುವವರಿಗೆ ಎಂಜಿನ್ ರಕ್ಷಣೆ ಬೇಕೇ ಬೇಕು. ಬಯಲುಸೀಮೆಯ ಎತ್ತರದ ಊರಿನಲ್ಲಿ ಇರುವವರು ಬಿಡಬಹುದು. ನೀರು ಇಳಿದ ಮೇಲೆ ಕೀಲಿ ತಿರುಗಿಸದೆ ಟೋ ಮಾಡಿಸುವುದು ಇಬ್ಬರಿಗೂ ಅನ್ವಯ.

ಕಳುವಾದರೆ ಇನ್‌ವಾಯ್ಸ್ ಬೆಲೆಯನ್ನೇ ತುಂಬಿಕೊಡುವ ರಿಟರ್ನ್ ಟು ಇನ್‌ವಾಯ್ಸ್ ಸಾಲದ ಮೇಲೆ ಕೊಂಡ ಹೊಸ ಕಾರಿಗೆ ಒಳ್ಳೆಯದು. ಕೀಲಿ, ಟೈರು, ಆಯಿಲ್ಲು, ನಟ್ಟು ಬೋಲ್ಟು ಮುಂತಾದವುಗಳ ಹೆಚ್ಚುವರಿ ರಕ್ಷಣೆಗಳು ಅನುಕೂಲಸ್ಥರ ಆಯ್ಕೆ. ಓಡಿಸಿದಷ್ಟಕ್ಕೆ ಹಣ ಎಂಬ ಬಗೆಗೆ 2022ರಲ್ಲಿ ಅನುಮತಿ ಸಿಕ್ಕಿದೆ. ಮನೆಯಿಂದಲೇ ಕೆಲಸ ಮಾಡುವವರು, ನಿವೃತ್ತರು ವಿಚಾರಿಸಿ ನೋಡಬಹುದು.

ನೋ ಕ್ಲೇಮ್ ಬೋನಸ್ ಓಡಿ ಭಾಗಕ್ಕೆ ಮಾತ್ರ ಸಿಗುವ ರಿಯಾಯಿತಿ: ಕ್ಲೇಮಿಲ್ಲದ ಮೊದಲ ವರ್ಷಕ್ಕೆ ಶೇ. 20, ನಂತರ 25, 35, 45, 50. ಅದು ಕಾರಿನದ್ದಲ್ಲ, ಮಾಲೀಕನದ್ದು. ಹೊಸ ಕಾರಿಗೂ ಒಯ್ಯಬಹುದು. ಶೇ. 50 ತಲುಪಿದವರ ಮೂಲ ಓಡಿ ಪ್ರೀಮಿಯಂ 12,000 ಇದ್ದರೆ ವರ್ಷಕ್ಕೆ 6,000 ಉಳಿಯುತ್ತದೆ. ಇವರು 5,000ದ ಡೆಂಟಿಗೆ ಕ್ಲೇಮು ಹಾಕಿದರೆ ರಿಯಾಯಿತಿ ಸೊನ್ನೆಗೆ ಇಳಿದು ಮತ್ತೆ ಮೆಟ್ಟಿಲು ಹತ್ತಬೇಕು; ಐದು ವರ್ಷಗಳಲ್ಲಿ 6,000, 3,600, 3,000, 1,800, 600 ಸೇರಿ 15,000 ಕಳೆದುಕೊಳ್ಳುತ್ತಾರೆ. ಸಣ್ಣ ಪೆಟ್ಟಿಗೆ ಜೇಬಿನಿಂದ ಕೊಡುವುದೇ ಲಾಭ. ಪಾಲಿಸಿ ಮುಗಿದು 90 ದಿನ ಕಳೆದರೂ ಬೋನಸ್ ಹೋಗುತ್ತದೆ.

ದಿನಾಂಕದ ತೊಡಕು ಇನ್ನೊಂದಿದೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಓಡಿ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಮೂರು ವರ್ಷ ಎಂದು ಬರೆದದ್ದನ್ನು ನೋಡಿ ನಿಶ್ಚಿಂತರಾದವರ ಕಾರು ಎರಡನೇ ವರ್ಷ ಓಡಿ ಇಲ್ಲದೆ ಓಡುತ್ತಿರುತ್ತದೆ. 2019ರಿಂದ ಓಡಿ ಒಂದನ್ನೇ, ಬೇರೆ ಕಂಪನಿಯಲ್ಲೂ ಕೊಳ್ಳಬಹುದು.

ಕ್ಲೇಮು ಮುರಿದುಬೀಳುವ ಎರಡು ಅಭ್ಯಾಸಗಳು ನಮ್ಮ ರಾಜ್ಯದಲ್ಲಿ ಬೇರೂರಿವೆ. ಒಂದು, ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಬಿಡುವುದು. ಖಾಸಗಿ ಬಳಕೆಗೆಂದು ಮಾಡಿಸಿದ ವಿಮೆಯ ಷರತ್ತು ಅಲ್ಲಿಗೆ ಮುರಿಯುತ್ತದೆ. ಇನ್ನೊಂದು, ಕಾರು ಮಾರಿ ಸಹಿ ಹಾಕಿದ ಫಾರಂ ಕೊಟ್ಟು ಕೈಬಿಡುವುದು. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಳೆಯ ಕಾರು ಕೊಂಡವರು 14 ದಿನದೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಬದಲಿಸಿಕೊಳ್ಳದಿದ್ದರೆ ಓಡಿ ಹಣ ಬರುವುದಿಲ್ಲ. ಗ್ಯಾಸ್ ಕಿಟ್ ಹಾಕಿಸಿದ್ದನ್ನು ಪಾಲಿಸಿಯಲ್ಲಿ ಬರೆಸದಿರುವುದೂ ಇಂಥದೇ ತಪ್ಪು.

ಕಂಪನಿ ಅನ್ಯಾಯವಾಗಿ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವ್ಯಾಜ್ಯ ಅಲ್ಲಿ ತೀರ್ಮಾನವಾಗುತ್ತದೆ.

ಮುಂದಿನ ನವೀಕರಣದ ಸಂದೇಶ ಮೊಬೈಲಿಗೆ ಬಂದ ದಿನ ಹಣ ಕಟ್ಟುವ ಮೊದಲು ಪಾಲಿಸಿಯ ಪ್ರೀಮಿಯಂ ಪುಟವನ್ನು ಒಮ್ಮೆ ತೆರೆಯಿರಿ. ಮಾಲೀಕ-ಚಾಲಕ, ಪ್ರಯಾಣಿಕರು, ಸಂಬಳದ ಚಾಲಕ ಎಂಬ ಸಾಲುಗಳ ಮುಂದೆ ಸೊನ್ನೆ ಕಂಡರೆ ಅದನ್ನು ಮೊದಲು ತುಂಬಿಸಿ. ಬಂಪರಿನ ಮಾತು ಆಮೇಲೆ.